ಡಾರ್ಲಾ ಮುಟ್ಟಿದ ನಾಣ್ಯ

ಹೆಂಡತಿ ಡಾರ್ಲಾಳನ್ನು ಮಣ್ಣು ಮಾಡಿ ಬಂದ ಮೂರನೆಯ ದಿನ ಮೈಲೊ ಸ್ಕಾಲಾ ಮನೆ ತೊಳೆಯಲು ನಿಂತ.

ಅಳು ಬರಲಿಲ್ಲ. ಬರುತ್ತೆ ಅಂತ ಎಲ್ಲರೂ ಹೇಳಿದ್ದರು, ಅವನೂ ಕಾದ, ಬರಲಿಲ್ಲ. ಚರ್ಚಿನ ಹೆಂಗಸರು ತಂದಿಟ್ಟುಹೋದ ಗಾಜಿನ ತಟ್ಟೆಗಳು ಫ್ರಿಜ್ಜಿನ ತುಂಬ ಇದ್ದವು. ಆಲೂಗೆಡ್ಡೆಯದೊಂದು, ನೂಡಲ್ಸಿನದೊಂದು, ಅದರ ಮೇಲೆಲ್ಲ ಚೀಸು. ಹೊತ್ತಿಗೊಂದು ತೆಗೆದು, ಬಿಸಿ ಕೂಡ ಮಾಡದೆ ಎರಡು ತುತ್ತು ತಿಂದ. ಒಂದೇ ಕೈ ಮೇಲೆ ಮಲಗಿ ಎದ್ದಾಗ ಆ ಕೈ ನಮ್ಮದಲ್ಲ ಅನ್ನಿಸುತ್ತದಲ್ಲ, ಹಾಗೆ ಅವನಿಗೆ ಮೈಯೆಲ್ಲ ಜೋಮು ಹಿಡಿದಿತ್ತು. ಏನು ಮಾಡಬೇಕೋ ತೋಚದೆ ಬಕೆಟ್ಟು ಹಿಡಿದ. ಕಿಟಕಿ ಗಾಜು, ಒಲೆಯ ಗುಂಡಿಗಳು, ಫ್ರಿಜ್ಜಿನ ಬಾಗಿಲು, ಬಚ್ಚಲ ಕನ್ನಡಿ, ಅವಳ ಕನ್ನಡಕ, ಒಂದನ್ನೂ ಬಿಡಲಿಲ್ಲ. ನಲವತ್ತಮೂರು ವರ್ಷದ ಸಂಸಾರದಲ್ಲಿ ಒಂದು ದಿನ ಕಿಟಕಿ ಒರೆಸಿದ ಪುಣ್ಯಾತ್ಮನಲ್ಲ ಅವನು! ಈಗ ಮಾತ್ರ ಬಟ್ಟೆ ಮೇಲೆ ಬಟ್ಟೆ ಬದಲಾಯಿಸಿ ಉಜ್ಜಿದ. ನೆಲಮಾಳಿಗೆಗೆ ಮಾತ್ರ ಇಳಿಯಲಿಲ್ಲ. ಅರುವತ್ತೇಳರ ಮಂಡಿ, ಆ ಮೆಟ್ಟಿಲಿಗೆ ಒಪ್ಪಲಿಲ್ಲ.

ಮೈಲೊನ ಕಸುಬು ನಾಣ್ಯ. ಅಯೋವಾದ ಆ ಸಣ್ಣ ಊರಿನವರಿಗೆ ಅವನು ಹಳೇ ನಾಣ್ಯದ ವ್ಯಾಪಾರಿ. ಕಸುಬಿನವರ ಬಾಯಲ್ಲಿ, ಅದೂ ಅವನ ಬೆನ್ನ ಹಿಂದೆ, 'ಡಾಕ್ಟರು'. ಆ ಡಾಕ್ಟರಿಕೆ ಎಂಥದ್ದು ಅಂತ ಹೇಳಿಬಿಡುತ್ತೇನೆ. ಹಳೇ ಬೆಳ್ಳಿ ಡಾಲರು ಬ್ಯಾಂಕಿನ ಚೀಲದಲ್ಲೋ ಕಾಗದದ ಲಕೋಟೆಯಲ್ಲೋ ದಶಕಗಟ್ಟಲೆ ಬಿದ್ದಿದ್ದರೆ ಅದಕ್ಕೆ ತಾನಾಗಿ ಬಣ್ಣ ಕಟ್ಟುತ್ತದೆ. ಅಂಚಿನಿಂದ ಒಳಗೆ ಜೇನಿನ ಹಳದಿ, ನಸುಗೆಂಪು, ನೇರಳೆ, ನೀಲಿ. ಬಿಳಿ ಡಾಲರಿಗೆ ನೂರು ಕೊಡಲು ಚೌಕಾಶಿ ಮಾಡುವ ಮನುಷ್ಯ ಬಣ್ಣ ಕಟ್ಟಿದ್ದಕ್ಕೆ ಎರಡು ಸಾವಿರ ಎಣಿಸಿ ಕೊಟ್ಟು, ನಗುತ್ತಾ ಮನೆಗೆ ಹೋಗುತ್ತಾನೆ. ಹುಚ್ಚು ಅಂದರೆ ಹುಚ್ಚೇ. ಆದರೆ ನಲವತ್ತು ವರ್ಷ ಕಾಯುವ ತಾಳ್ಮೆ ಯಾರಿಗಿದೆ? ಮೈಲೊ ಅದನ್ನು ಅಡುಗೆಮನೆಯ ಓವನ್ನಿನಲ್ಲಿ ಒಂದೇ ದಿನದಲ್ಲಿ ಬರಿಸುತ್ತಿದ್ದ. ಹಳೇ ಕಂದು ಕಾಗದ, ಬೇಯಿಸಿದ ಮೊಟ್ಟೆಯ ಹಳದಿ, ಸಣ್ಣ ಕಾವು, ಅಷ್ಟೆ. "ಈ ಬಣ್ಣ ಎಲ್ಲಿಂದ ಬಂತು?" ಅಂತ ಗಿರಾಕಿ ಕೇಳಿದರೆ ಕಸುಬಿನವರು ಕೊಡುವ ಉತ್ತರ ಒಂದೇ, "ಬಂದದ್ದೇ ಹಾಗೆ." ನಾನು ಮಾಡಿದ್ದು ಅಂತ ಯಾವನೂ ಬಾಯಿ ಬಿಡುವುದಿಲ್ಲ. ಮೂವತ್ತು ವರ್ಷದಲ್ಲಿ ಮೈಲೊ ಒಂದು ಸಲವೂ ಬಿಟ್ಟಿರಲಿಲ್ಲ.

ಆ ಮಾತೇ ಅವನನ್ನೂ ಮಗಳನ್ನೂ ದೂರ ಮಾಡಿತ್ತು. ಜೋಲೀನ್ ಹೈಸ್ಕೂಲಿನಲ್ಲಿದ್ದಾಗ ಅವಳಿಗೆ ತುತ್ತೂರಿ ಕಲಿಸುತ್ತಿದ್ದ ಹೋವ್ಲೆಂಡ್ ಮೇಷ್ಟ್ರು ಮೈಲೊನ ಹತ್ತಿರ ಬಣ್ಣದ ಡಾಲರು ಕೊಂಡರು. ನಾಣ್ಯಕ್ಕೆ ದರ್ಜೆ ಕೊಡುವವರ ಬಳಿ ಕಳಿಸಿದರೆ 'ಬಣ್ಣ ಅನುಮಾನಾಸ್ಪದ' ಅಂತ ಚೀಟಿ ಹಚ್ಚಿ ವಾಪಸು ಬಂತು. ಮೇಷ್ಟ್ರು ಮನೆ ಬಾಗಿಲಿಗೆ ಬಂದು ಕೇಳಿದಾಗ ಮೈಲೊ ಕಣ್ಣು ಮಿಟುಕಿಸದೆ "ಬಂದದ್ದೇ ಹಾಗೆ ಸಾರ್" ಅಂದ. ಓವನ್ನಿನ ಮುಂದೆ ಅಪ್ಪ ಕೂತಿದ್ದನ್ನು ಕಣ್ಣಾರೆ ಕಂಡಿದ್ದ ಹುಡುಗಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ಮಾರನೆಯ ದಿನ ತುತ್ತೂರಿ ಬಿಟ್ಟಳು. ಆಮೇಲೆ ಹುಟ್ಟುಹಬ್ಬಕ್ಕೆ, ಮದುವೆಗೆ ಅಪ್ಪ ಏನು ಕೊಟ್ಟರೂ ಅಮ್ಮನ ಕಡೆ ನೋಡಿ, ಅವಳು ತಲೆಯಾಡಿಸಿದರೆ ಮಾತ್ರ ತೆಗೆದುಕೊಳ್ಳುತ್ತಿದ್ದಳು. ಈಗ ತಲೆಯಾಡಿಸುವವಳೇ ಇಲ್ಲ.

ಬುಧವಾರ ಡಿ ಮಾಯ್ನ್ ನಗರದಿಂದ ಜೋಲೀನ್ ಫೋನು ಮಾಡಿದಳು.

"ಅಪ್ಪಾ, ಅಮ್ಮನ ಅಡುಗೆ ಚೀಟಿ ಇಡೋ ಹಳದಿ ಡಬ್ಬಿ ಇದೆಯಲ್ಲ, ಅದರಲ್ಲಿ ಒಂದು ಡಾಲರ್ ಇದೆ."

"ಯಾವ ಡಾಲರ್?"

"ಯಾವುದು ಅಂತ ಕೇಳ್ತೀಯಲ್ಲ! ನೀನೇ ಅಮ್ಮನಿಗೆ ಕೊಟ್ಟಿದ್ದು, ನಿಮ್ಮ ಮದುವೆ ದಿನ. ಅದು ನನಗೆ ಬೇಕು. ಬೇರೆ ಏನೂ ಬೇಡ, ಮನೆ ಬೇಡ, ಕಾರು ಬೇಡ. ಭಾನುವಾರ ಬರ್ತೀನಿ."

"ತಗೊಂಡು ಹೋಗು, ಅದಕ್ಕೇನಂತೆ."

"ಅದಕ್ಕೇನಂತೆ ಅಲ್ಲ ಅಪ್ಪಾ. ಫೋನಲ್ಲಿ ಮಾತಾಡ್ವಾಗೆಲ್ಲ ಅಮ್ಮ ಅದನ್ನ ಕೈಲಿ ಇಟ್ಕೊಂಡು ಹೆಬ್ಬೆರಳು ಒತ್ತುತ್ತಾ ಇರೋಳು. ಆ ಮನೇಲಿ ನಿನ್ನ ಕೈ ಬೀಳದ ನಾಣ್ಯ ಅಂದ್ರೆ ಅದೊಂದೇ. ಏನೂ ಮಾಡಬೇಡ ಅದಕ್ಕೆ. ಒರೆಸೋದೂ ಬೇಡ. ಮಾತು ಕೊಡು."

"ಆಯ್ತಮ್ಮಾ."

"ಆಯ್ತು ಅಂದ್ರೆ?"

"ಮಾತು ಕೊಟ್ಟೆ ಕಣೆ."

ಗುರುವಾರ ಡಬ್ಬಿ ತೆಗೆದ. ಪೀಚ್ ಹಣ್ಣಿನ ಉಪ್ಪಿನಕಾಯಿ, ಕೊಲಾಚೆ ಅನ್ನುವ ಗಸಗಸೆಯ ಸಿಹಿ ಬನ್ನು, ಕ್ರಿಸ್‌ಮಸ್ಸಿನ ಬ್ರೆಡ್ಡು, ಚೀಟಿಗಳ ಹಿಂದೆ ಪುಟ್ಟದೊಂದು ಕಂದು ಲಕೋಟೆ. ಮೇಲೆ ಪೆನ್ಸಿಲ್ಲಿನಲ್ಲಿ ಡಾರ್ಲಾಳ ದುಂಡಗಿನ ಬರಹ: 'ಮೈಲೊ ಕೊಟ್ಟಿದ್ದು. ಜೂನ್ 1981.' ನಾಣ್ಯದ ಮೇಲಿನ ಇಸವಿ 1881. ಸರಿಯಾಗಿ ನೂರು ವರ್ಷ ಅಂತ ಹುಡುಕಿ ತಂದುಕೊಟ್ಟಿದ್ದ. ಆಗ ಅದು ಹಾಲಿನಷ್ಟು ಬೆಳ್ಳಗಿತ್ತು. "ಅಂಚು ಹಿಡೀಬೇಕು, ಮುಖ ಮುಟ್ಟಬಾರದು, ಬೆವರು ಕೂತರೆ ನಾಣ್ಯ ಹಾಳು" ಅಂತ ಮದುವೆಯಾದ ಚರ್ಚಿನಲ್ಲೇ ಪಾಠ ಹೇಳಿದ್ದ. ಅವಳು ನಕ್ಕು, ಎಲ್ಲರೆದುರೇ, ಹೆಬ್ಬೆರಳು ಒತ್ತಿಬಿಟ್ಟಿದ್ದಳು.

ಆ ಮೇಲೆ ಅವನು ಅದನ್ನು ಹತ್ತಿರದಿಂದ ನೋಡಿರಲೇ ಇಲ್ಲ. ಈಗ ಅಂಗೈಗೆ ಜಾರಿಸಿಕೊಂಡು ನೋಡುತ್ತಾನೆ, ಅಯ್ಯೋ, ಎಂಥ ಬಣ್ಣ! ಮೂವತ್ತು ವರ್ಷ ಓವನ್ನಿನ ಮುಂದೆ ಕೂತು ಅವನಿಗೆ ಒಂದು ಸಲವೂ ಬರದ ಬಣ್ಣ. ಅಂಚಿನ ಹಸಿರು ಎಲ್ಲಿ ಮುಗಿದು ನೀಲಿ ಎಲ್ಲಿ ಶುರುವಾಯಿತು ಹೇಳಲಾಗದು. ಒಲೆಯ ಪಕ್ಕದ ಕಪಾಟಿನಲ್ಲಿ, ಲಕೋಟೆಯೊಳಗೆ, ನಲವತ್ತಮೂರು ವರ್ಷ ಸುಮ್ಮನೆ ಇದ್ದು ಕಟ್ಟಿಕೊಂಡ ಬಣ್ಣ ಅದು. ನಡುವೆ, ನಾಣ್ಯದ ಮೇಲೆ ಅಚ್ಚಾದ ಸ್ವಾತಂತ್ರ್ಯದೇವಿಯ ಕೆನ್ನೆಯ ಮೇಲೆ, ಡಾರ್ಲಾಳ ಹೆಬ್ಬೆರಳಿನ ಗುರುತು ಕಂದಾಗಿ ಕೂತಿತ್ತು. ಮೇಲಿಂದ ಮೇಲೆ ಅದೇ ಜಾಗದಲ್ಲಿ ಒತ್ತಿ ಒತ್ತಿ ಗೆರೆಗೆರೆಯೂ ಮೂಡಿತ್ತು. ಮೈಲೊಗೆ ಸಂತೋಷವಾಗಬೇಕಿತ್ತು, ಇಲ್ಲ ಸಂಕಟವಾದರೂ ಆಗಬೇಕಿತ್ತು. ಎರಡೂ ಆಗಲಿಲ್ಲ. ಲಕೋಟೆಗೆ ಹಾಕಿ ಮೇಜಿನ ಮೇಲಿಟ್ಟು ಟಿವಿ ಹಚ್ಚಿದ.

ಶುಕ್ರವಾರ ಬೆಳಿಗ್ಗೆ ಗಾರ್ತ್ ಬಂದ. ಅವನೂ ನಾಣ್ಯದವನೇ. ತಿಂಗಳಿಗೊಮ್ಮೆ ಅಗ್ನಿಶಾಮಕದವರ ಸಭಾಂಗಣದಲ್ಲಿ ನಾಣ್ಯದ ಸಂತೆ ಕೂಡುವಾಗ ಮೈಲೊನ ಪಕ್ಕದ ಮೇಜು ಅವನದು. ಹೆಂಡತಿ ಕಳಿಸಿದ ಕಡುಬನ್ನು ಮೇಜಿನ ಮೇಲಿಟ್ಟವನ ಕಣ್ಣು ಲಕೋಟೆಯ ಮೇಲೆ ಬಿತ್ತು. ಕೇಳದೆ ತೆಗೆದ, ಜೇಬಿನಿಂದ ಭೂತಗನ್ನಡಿ ತೆಗೆದ, ಕಿಟಕಿ ಹತ್ತಿರ ಹೋದ.

"ಏ ಮೈಲೊ! ಸತ್ಯವಾಗ್ಲೂ ಹೇಳ್ತೀನಿ, ಇದು ನಿನ್ನ ಕೈಯಲ್ಲಿ ಬಂದಿದ್ರಲ್ಲೆಲ್ಲಾ ಬೆಸ್ಟು ಕಣೋ."

"ನಾನು ಮಾಡಿದ್ದಲ್ಲ."

"ಗೊತ್ತು ಗೊತ್ತು, ಬಂದದ್ದೇ ಹಾಗೆ." ಗಾರ್ತ್ ಹೊಟ್ಟೆ ಕುಣಿಸಿ ನಕ್ಕ. ಆಮೇಲೆ ಸಾವಿನ ಮನೆ ಅನ್ನೋದು ನೆನಪಾಗಿ ನಗು ನುಂಗಿಕೊಂಡ.

"ಡಾರ್ಲಾದು ಅದು. ಲಕೋಟೆಯಲ್ಲಿತ್ತು."

"ನನ್ನ ಹತ್ರಾನೂ ಹೀಗಂತೀಯಲ್ಲ ಮಾರಾಯಾ. ಹೋಗ್ಲಿ ಬಿಡು. ಒಂದೇ ಬೇಜಾರು ನೋಡು, ಈ ಹೆಬ್ಬೆಟ್ಟು. ಅದೊಂದು ಇಲ್ದಿದ್ರೆ ನಾನೇ ಈಗ್ಲೇ ಮೂರು ಸಾವಿರ ಕೊಟ್ಟು ತಗೊಂಡು ಹೋಗ್ತಿದ್ದೆ. ಕೆನ್ನೆ ಮೇಲೇ ಒತ್ತಿದ್ದಾರಲ್ಲ, ಯಾರು ಆರ್ನೂರು ಕೊಡ್ತಾರೆ? ಸ್ವಲ್ಪ ಏನಾದ್ರೂ ಮಾಡಕ್ಕಾಗಲ್ವಾ ನೋಡು."

ಮೈಲೊ ತಲೆಯಾಡಿಸಿದ. ಹೂಂ ಅಂತಲೋ ಊಹೂಂ ಅಂತಲೋ ಅವನಿಗೇ ಗೊತ್ತಿರಲಿಲ್ಲ.

ಶನಿವಾರ ಬೆಳಗಿನ ಕಾಫಿ ಕುಡಿದು ಅವನು ಮೇಜಿನ ಮುಂದೆ ಕೂತ. ದುಡ್ಡಿನ ಆಸೆ ಅಂತ ದಯವಿಟ್ಟು ತಿಳಿಯಬೇಡಿ. ಮೂರು ಸಾವಿರ ಅಲ್ಲ, ಮೂವತ್ತು ಸಾವಿರವೂ ಆವತ್ತು ಅವನ ತಲೆಯಲ್ಲಿ ಇರಲಿಲ್ಲ. ಅಲ್ಲಿ ಏನೂ ಇರಲಿಲ್ಲ, ಅದೇ ಬಂದ ಅನಾಹುತ. ತಲೆ ಖಾಲಿಯಿದ್ದಾಗ ಕೈಗಳು ತಮಗೆ ಗೊತ್ತಿದ್ದನ್ನು ಮಾಡಿಬಿಡುತ್ತವೆ. ದೀಪ ಬಗ್ಗಿಸಿಕೊಂಡ. ಹತ್ತಿ ಸುತ್ತಿದ ಕಡ್ಡಿ ತೆಗೆದುಕೊಂಡ. ನಾಣ್ಯದ ಕಲೆ ತೆಗೆಯುವ, ಕೊಳೆತ ಮೊಟ್ಟೆ ವಾಸನೆಯ ನೀರಿನ ಶೀಸೆಯಲ್ಲಿ ಅದ್ದಿದ. ದೇವಿಯ ಕೆನ್ನೆಯ ಮೇಲಿನ ಕಂದನ್ನು, ನೂರಾರು ನಾಣ್ಯಗಳಲ್ಲಿ ಮಾಡಿದ ಹಾಗೆಯೇ, ಹಗುರವಾಗಿ ಸವರಿದ.

ಕಂದು ಹೋಯಿತು. ಅದು ಹೋದ ಜಾಗ ಬೆಳ್ಳಗೆ ಬೋಳಾಗಿ ನಿಂತಿತು. ಬಣ್ಣದ ನಡುವೆ ಹಾಗೆ ಬಿಳಿ ಬಿಟ್ಟರೆ ಕಸುಬಿನವನಿಗೆ ಅವಮಾನ. ಹಾಗಾದಾಗ ಇಡೀ ನಾಣ್ಯ ಅದ್ದಿ ಎಲ್ಲ ತೆಗೆದುಬಿಡುವುದು ರೂಢಿ. ಅದ್ದಿದ. ಒಂದು, ಎರಡು, ಮೂರು, ನಾಲ್ಕು, ಐದು ಎಣಿಸಿ ಎತ್ತಿ ನಲ್ಲಿಗೆ ಹಿಡಿದು, ಮೆತ್ತನೆ ಬಟ್ಟೆಯಲ್ಲಿ ಒತ್ತಿ ಆರಿಸಿದ. ನಾಣ್ಯ 1981ರ ಜೂನಿನಲ್ಲಿದ್ದ ಹಾಗೆ ಬೆಳ್ಳಗಾಯಿತು. ಚೆನ್ನಾಗಿ ಬಂತು ಅಂದುಕೊಂಡ.

ಆಮೇಲೆ ಶೀಸೆಯ ಬಿರಡೆ ತಿರುಗಿಸುವಾಗ ಕೈ ನಿಂತಿತು. ಶೀಸೆಯೊಳಗಿನ ನೀರನ್ನು ನೋಡಿದ. ನೀರು ತಿಳಿಯಾಗಿತ್ತು, ಏನೂ ಇರಲಿಲ್ಲ ಅದರಲ್ಲಿ. ಭೂತಗನ್ನಡಿ ಹಿಡಿದು ನಾಣ್ಯವನ್ನು ಹೊರಳಿಸಿ ಹೊರಳಿಸಿ ನೋಡಿದ. ಗೆರೆಯ ಲವಲೇಶ ಉಳಿದಿರಲಿಲ್ಲ. ಕೆಲಸ ಅಷ್ಟು ಅಚ್ಚುಕಟ್ಟಾಗಿತ್ತು.

"ಥೂ, ಏನು ಮಾಡಿದೆ ನಾನು" ಅಂದ. ದನಿ ಪಕ್ಕದ ಕೋಣೆಯಿಂದ ಬಂದ ಹಾಗೆ ಕೇಳಿಸಿತು.

ಆಗಲಾದರೂ ಮಗಳಿಗೆ ಫೋನು ಮಾಡಬಹುದಿತ್ತು. ಹೀಗಾಯ್ತು ಕಣೆ ಅಂತ ಒಂದು ಮಾತು. ಆದರೆ ಆ ಮಾತು ಆಡಿ ಅಭ್ಯಾಸವೇ ಇಲ್ಲದ ಬಾಯಿ ಅದು. ಅವನ ಕೈ ಫೋನಿನ ಕಡೆ ಹೋಗಲಿಲ್ಲ, ಮೊಟ್ಟೆ ಬೇಯಿಸುವ ಪಾತ್ರೆಯ ಕಡೆ ಹೋಯಿತು.

ದಿನವೆಲ್ಲ ಕೂತ. ಹಳೇ ಕಾಗದದಲ್ಲಿ ಬಣ್ಣ ಚೆನ್ನಾಗಿ ಏರುತ್ತದೆ ಅಂತ ಡಾರ್ಲಾಳ ಲಕೋಟೆಯಲ್ಲೇ ನಾಣ್ಯ ಹಾಕಿ ಓವನ್ನಿಗಿಟ್ಟ. ಹಳದಿ ಬಂತು, ನಸುಗೆಂಪು ಬಂತು, ಮಧ್ಯಾಹ್ನದ ಹೊತ್ತಿಗೆ ನೀಲಿ ಬಂತು. ತೆಗೆದು, ತನ್ನ ಹೆಬ್ಬೆರಳನ್ನು ಹಣೆಯ ಬೆವರಿಗೆ ತಾಗಿಸಿ, ದೇವಿಯ ಕೆನ್ನೆಯ ಮೇಲೆ ಒತ್ತಿ, ಮತ್ತೆ ಒಳಗಿಟ್ಟ. ನಾಣ್ಯದ ಮುಖದ ಮೇಲೆ ಬೇಕೆಂದೇ ಬೆರಳು ಇಟ್ಟದ್ದು ಅವನ ಜನ್ಮದಲ್ಲಿ ಅದೇ ಮೊದಲು. ಸಂಜೆಗೆ ಕಂದು ಗುರುತು ಮೂಡಿತು. ಲಕೋಟೆಯ ಅಂಚು ಒಂದಿಷ್ಟು ಸುಟ್ಟಿತ್ತು, ಬರಹ ಉಳಿದಿತ್ತು. ದೂರದಿಂದ ನೋಡಿದರೆ ಗುರುವಾರದ ನಾಣ್ಯವೇ. ಅವನ ಕಣ್ಣಿಗೆ ಮಾತ್ರ ಅಂಚಿನ ಹಸಿರು ಹಸಿರಲ್ಲ, ನೀಲಿಗೂ ಅದಕ್ಕೂ ನಡುವೆ ಒಂದು ಕೂದಲೆಳೆಯ ಅಂತರ. ಜೋಲೀನ್‌ಗೆ ಅದು ತಿಳಿಯೋದಿಲ್ಲ ಅಂದುಕೊಂಡ.

ಭಾನುವಾರ ಹನ್ನೊಂದಕ್ಕೆ ಅವಳು ಬಂದಳು. ಬೇಕರಿಯ ಕೊಲಾಚೆಯ ಪೊಟ್ಟಣ ಮೇಜಿನ ಮೇಲಿಟ್ಟು ಅಡುಗೆಮನೆಯ ಸುತ್ತ ಒಮ್ಮೆ ನೋಡಿದಳು.

"ಏನಪ್ಪಾ ಇದು, ಆಸ್ಪತ್ರೆ ಥರ ಇದೆ ಮನೆ. ಅಮ್ಮನ ವಾಸನೇನೇ ಇಲ್ಲ."

"ಧೂಳಾಗಿತ್ತು."

"ಊಟ ಮಾಡ್ತಿದೀಯಾ?"

"ಹೂಂ."

"ಸುಳ್ಳು ಹೇಳಬೇಡ, ಶರಟು ಹೆಗಲ ಮೇಲೆ ನಿಲ್ತಿಲ್ಲ." ಅವಳು ಕುರ್ಚಿ ಎಳೆದು ಕೂತಳು. ಕಣ್ಣು ಊದಿದ್ದವು. "ಕೊಡು ಅಪ್ಪಾ. ಕಾರಲ್ಲಿ ಬರ್ತಾ ಎರಡು ಗಂಟೆ ಅದನ್ನೇ ಯೋಚಿಸ್ತಾ ಬಂದೆ."

ಅವನು ಲಕೋಟೆ ಕೊಟ್ಟ. ಅವಳು ನಾಣ್ಯವನ್ನು ಅಂಗೈಗೆ ಹಾಕಿಕೊಂಡು, ಅಂಚು ಗಿಂಚು ನೋಡದೆ, ಬೆರಳಲ್ಲಿ ತಡವಿದಳು. ಮುಖ ಅರಳಿತು. ಅದನ್ನು ನೋಡಿ ಮೈಲೊ ಕಾಫಿ ಬಗ್ಗಿಸಲು ಎದ್ದ.

"ಇಲ್ಲೇ ಅಲ್ವಾ ಒತ್ತುತ್ತಿದ್ದಿದ್ದು. ನನಗೆ ಜ್ವರ ಬಂದ್ರೆ ಇದೇ ಬೆರಳಲ್ಲಿ ಹಣೆ ಸವರೋಳು. ಗೆರೆ ತಾಗೋದು." ಅವಳು ನಾಣ್ಯವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹತ್ತಿರ ತಂದಳು. ಇನ್ನೂ ಹತ್ತಿರ ತಂದಳು. "ಅಪ್ಪಾ, ನಿನ್ನ ಭೂತಗನ್ನಡಿ ಕೊಡು."

"ಯಾಕೆ?"

"ಕೊಡು."

ಕೊಟ್ಟ. ಅವಳು ತುಂಬ ಹೊತ್ತು ನೋಡಿದಳು. ಕಾಫಿ ಬಟ್ಟಲು ತುಂಬಿ ತಟ್ಟೆಗೆ ಚೆಲ್ಲಿತು.

"ಗೆರೆ ಎಲ್ಲಿ?"

"ಯಾವ ಗೆರೆ?"

"ನಾನು ನಾಲ್ಕನೇ ಕ್ಲಾಸಲ್ಲಿದ್ದಾಗ ಅಮ್ಮ ಪೀಚ್ ಜಾಡಿ ಒಡೆದು ಹೆಬ್ಬೆರಳು ಕುಯ್ದುಕೊಂಡಿದ್ದು. ಏಳು ಹೊಲಿಗೆ. ಅಡ್ಡಕ್ಕೆ ಗೆರೆ ಬಿದ್ದಿತ್ತಲ್ಲಪ್ಪಾ, ನೀನೇ ತಾನೇ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು! ಇದರಲ್ಲಿ ಗೆರೆ ಇಲ್ಲ."

ಮೈಲೊ ಹೊಲಿಗೆಯನ್ನು ಮರೆತಿರಲಿಲ್ಲ. ಆದರೆ ಗುರುವಾರ ನಾಣ್ಯದ ಬಣ್ಣ ನೋಡಿದ್ದ, ಹೊಳಪು ನೋಡಿದ್ದ, ಗುರುತು ಎಷ್ಟು ಆಳಕ್ಕೆ ಕೂತಿದೆ ಅಂತ ನೋಡಿದ್ದ. ಗುರುತಿನೊಳಗಿನ ಅಡ್ಡಗೆರೆಯನ್ನು ನೋಡಿರಲಿಲ್ಲ.

"ಬಂದದ್ದೇ..." ಅಂದ. ಅಲ್ಲಿಗೆ ನಿಂತ.

ಜೋಲೀನ್ ಲಕೋಟೆಯನ್ನು ಮೂಗಿನ ಹತ್ತಿರ ಹಿಡಿದಳು. ಸುಟ್ಟ ಅಂಚನ್ನು ಬೆರಳಿಂದ ಮುಟ್ಟಿದಳು. ಒಂದೊಂದಾಗಿ ಎಲ್ಲ ಅರ್ಥವಾಗುತ್ತಾ ಹೋದದ್ದು ಅವಳ ಮುಖದಲ್ಲಿ ಕಾಣಿಸಿತು. ಮೇಷ್ಟ್ರು ಬಂದ ದಿನ ಬಾಗಿಲ ಹಿಂದೆ ಇದ್ದ ಅದೇ ಮುಖ.

"ಇದು ಯಾರ ಬೆರಳು?"

"ನಂದು."

"ಅಮ್ಮಂದು?"

"ತೊಳೆದೆ. ನಾನೇ ತೊಳೆದೆ ಜೋಲೀನ್. ಆಮೇಲೆ ಇದನ್ನ ನಾನೇ ಮಾಡ್ದೆ."

ಮೂವತ್ತು ವರ್ಷದಲ್ಲಿ ಆಡದ ಮಾತು ಅದು. ಆಡಿದರೆ ಏನೋ ಆಗುತ್ತೆ ಅಂತ ಅವನು ಅಂದುಕೊಂಡಿದ್ದ. ಏನೂ ಆಗಲಿಲ್ಲ. ಫ್ರಿಜ್ಜು ಗುಂಯ್ ಅನ್ನುತ್ತಲೇ ಇತ್ತು.

"ಯಾಕಪ್ಪಾ? ಮಾತು ಕೊಟ್ಟಿದ್ದೆಯಲ್ಲ. ಯಾಕೆ?"

ಅವನು ನಿಜವಾಗಿಯೂ ಯೋಚಿಸಿದ. ಸಿಕ್ಕ ಉತ್ತರ ಹೇಳಲು ನಾಚಿಕೆಯಾಯಿತು, ಆದರೂ ಹೇಳಿದ.

"ನನಗದು ಕೊಳೆ ಥರ ಕಾಣಿಸ್ತು."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾಣ್ಯವನ್ನು ಮೇಜಿನ ಮೇಲೆ, ಅವನ ಕಡೆಗೆ ಸರಿಸಿದಳು. ಅಮ್ಮನ ಬರಹವಿದ್ದ ಲಕೋಟೆಯನ್ನು ಎರಡು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡಳು. ಕೊಲಾಚೆ ಹಾಗೇ ಬಿಟ್ಟು ಎದ್ದು ಹೋದಳು. ಕಾರು ಶುರುವಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಒಳಗೆ ಕೂತು ಅಳುತ್ತಿದ್ದಳೋ ಏನೋ, ಅವನಿಗೆ ಹೋಗಿ ನೋಡುವ ಧೈರ್ಯವಾಗಲಿಲ್ಲ.

ಕಾರು ಹೋದ ಮೇಲೆ ಮೈಲೊ ಭೂತಗನ್ನಡಿ ತೆಗೆದುಕೊಂಡು ಎದ್ದ. ಕಿಟಕಿ ಗಾಜಿಗೆ ಹಿಡಿದು ನೋಡಿದ. ಫ್ರಿಜ್ಜಿನ ಬಾಗಿಲು ನೋಡಿದ. ಒಲೆಯ ಗುಂಡಿಗಳು, ಬಚ್ಚಲ ಕನ್ನಡಿ, ಹಾಸಿಗೆ ಪಕ್ಕದ ದೀಪ, ಅವಳ ಕನ್ನಡಕದ ಎರಡೂ ಗಾಜು. ಒಂದೊಂದರಲ್ಲೂ ಅವನು ಉಜ್ಜಿದ ಹೊಳಪು, ಅಷ್ಟೆ. ಎಂಥ ಕೆಲಸಗಾರ! ಸತ್ತವಳನ್ನು ಮನೆಯಿಂದ ಎರಡನೇ ಸಲ ಹೊರಗೆ ಹಾಕಿದ್ದ, ಅದೂ ಇಷ್ಟು ಚೊಕ್ಕಟವಾಗಿ.

ಉಳಿದದ್ದು ನೆಲಮಾಳಿಗೆ. ಕಟಕಟೆ ಹಿಡಿದು, ಮೆಟ್ಟಿಲಿಗೊಂದು ಸಲ "ಅಮ್ಮಾ" ಅನ್ನುತ್ತಾ ಇಳಿದ. ಕಪಾಟಿನಲ್ಲಿ ಹೋದ ಆಗಸ್ಟಿನ ಪೀಚ್ ಜಾಡಿಗಳು ಸಾಲಾಗಿದ್ದವು. ಆಗ ಅವಳಿಗೆ ನಿಂತರೆ ಸುಸ್ತಾಗುತ್ತಿತ್ತು, ಆದರೂ ಹದಿನಾಲ್ಕು ಜಾಡಿ ತುಂಬಿದ್ದಳು. ಮೊದಲ ಜಾಡಿಗೆ ಕೈ ಚಾಚಿದ. ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಇನ್ನೊಂದರಲ್ಲಿ ಭೂತಗನ್ನಡಿ ಹಿಡಿದು, ಬಗ್ಗಿ ಬಗ್ಗಿ ಒಂದೊಂದನ್ನೇ ನೋಡುತ್ತಾ ಹೋದ.

ಒಂಬತ್ತನೆಯದರ ಮುಚ್ಚಳದ ಮೇಲೆ ಸಕ್ಕರೆ ಪಾಕ ಚೆಲ್ಲಿ ಒಣಗಿತ್ತು. ಪಾಕ ಹಸಿಯಿದ್ದಾಗ ಯಾರೋ ಮುಚ್ಚಳವನ್ನು ಬಲವಾಗಿ ಒತ್ತಿದ್ದರು. ಸುತ್ತು ಸುತ್ತು ಗೆರೆ. ಅದರ ನಡುವೆ ಅಡ್ಡಕ್ಕೆ, ಸ್ವಲ್ಪ ಓರೆಯಾಗಿ, ಒಂದು ಬೋಳು ಗೆರೆ. ಏಳು ಹೊಲಿಗೆಯ ಗೆರೆ.

ಮೈಲೊ ಉಸಿರು ಬಿಗಿಹಿಡಿದ. ಉಸಿರಿನ ಹಬೆ ತಾಗಿದರೆ ಪಾಕ ಕರಗೀತು ಅಂತ ಎರಡು ಹೆಜ್ಜೆ ಹಿಂದೆ ಸರಿದ. ಜೇಬಿನಿಂದ ಫೋನು ತೆಗೆದು ಮಗಳಿಗೆ ಮಾಡಿದ. ಅದು ಐದು ಸಲ ಬಡಿದುಕೊಂಡಿತು.

"ಏನಪ್ಪಾ?" ಜೋಲೀನ್ ದನಿ ಒಣಗಿತ್ತು. ಹಿಂದೆ ಹೆದ್ದಾರಿಯ ಸದ್ದು.

"ಸಿಕ್ಕಿದೆ. ಅಮ್ಮನ ಬೆರಳು. ಕೆಳಗಡೆ, ಪೀಚ್ ಜಾಡಿ ಮೇಲೆ."

ಮೈಲೊ ಜಾಡಿಯಿಂದ ಕಣ್ಣು ತೆಗೆಯದೆ ಮುಂದುವರಿಸಿದ.

"ಗೆರೆ ಇದೆ ಕಣೆ. ಅಡ್ಡಕ್ಕೆ. ನೀನೇ ಬಂದು ನೋಡು, ನನ್ನ ಮಾತು ನಂಬಬೇಡ. ನಾನು ಮುಟ್ಟಿಲ್ಲ." ಅಷ್ಟು ಹೇಳುವಷ್ಟರಲ್ಲಿ ಹತ್ತು ದಿನದಿಂದ ಬರದಿದ್ದ ಅಳು ಒಟ್ಟಿಗೇ ಬಂತು, ಮೂಗು ಬಾಯಿ ಎಲ್ಲದರಿಂದ. "ನಾನು ಮುಟ್ಟಿಲ್ಲ ಕಣಮ್ಮಾ. ಇನ್ನೂ ಮುಟ್ಟಿಲ್ಲ. ಬೇಗ ಬಾ."

ಹೆದ್ದಾರಿಯ ಸದ್ದು ಕಡಿಮೆಯಾಯಿತು. ಕಾರು ಬದಿಗೆ ನಿಂತಿರಬೇಕು.

"ಮುಟ್ಟಬೇಡ. ಕಾರು ತಿರುಗಿಸ್ತಿದೀನಿ" ಅಂದಳು.

ಮೈಲೊ ಕೆಳಗಿನ ಮೆಟ್ಟಿಲಿನ ಮೇಲೆ, ಜಾಡಿ ಕಾಣುವ ಹಾಗೆ, ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತ.